ಬೇಲಿಯೊಳಗಿನ ಕೂಳೆ ಜೋಳ

ಅವಳ ಬಾಯಿಗೂ ಆ ಎಲೆಗಳಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ. ನಾನು ಅವಳ ಕೈಗೆ ಹೊಡೆದೆ. ಮೆಲ್ಲಗೆ ತಳ್ಳಿದೆ ಅಂತ ಆಮೇಲೆ ಕೆಲವರು ಹೇಳಿಕೊಂಡು ತಿರುಗಿದರು. ತಳ್ಳಲಿಲ್ಲ, ಹೊಡೆದೆ. ಅವಳ ಗಾಜಿನ ಬಳೆ ಒಡೆದು ಚೂರು ನನ್ನ ಅಂಗೈಗೆ ಚುಚ್ಚಿತು.

ಎಷ್ಟೋ ವರ್ಷಗಳಾದವು. ಈಗಲೂ ಯಾರಾದರೂ ನನ್ನೆದುರು ಊಟಕ್ಕೆ ಕೂತು ತುತ್ತು ಎತ್ತಿದಾಗ, ಕೆಲವು ಸಲ, ನನ್ನ ಬಲಗೈ ತಾನಾಗಿ ಮುಂದೆ ಹೋಗಿ ನಿಲ್ಲುತ್ತದೆ. ಎದುರಿಗಿದ್ದವರು ಉಪ್ಪು ಬೇಕೇನೋ ಅಂದುಕೊಂಡು ಬಟ್ಟಲು ಸರಿಸುತ್ತಾರೆ. ನಾನೂ ಒಂದು ಚಿಟಿಕೆ ಹಾಕಿಕೊಂಡು ಸುಮ್ಮನಾಗುತ್ತೇನೆ.

ನನ್ನೂರು ನ್ಯಾಮತಿ ಕಡೆಯ ಗೋವಿನಕೋವಿ. ಭತ್ತದ ಸೀಮೆ. ಗದ್ದೆ ಮಾತ್ರ ಬೇರೆಯವರದು, ಬಗ್ಗಿದ ಬೆನ್ನು ನಮ್ಮಪ್ಪನದು. ನಮ್ಮ ಮನೆಯ ಗೂಡಿನಲ್ಲಿ ಬುದ್ಧನ ಒಂದು ಪುಟ್ಟ ಮಣ್ಣಿನ ಮೂರ್ತಿ ಇತ್ತು. ಅದರ ಪಕ್ಕದಲ್ಲೇ ನನ್ನ ಪುಸ್ತಕ ಇಡುವ ಜಾಗ. ನ್ಯಾಮತಿಯಲ್ಲಿ ಮಿಡ್ಲ್ ಸ್ಕೂಲು, ಹೊನ್ನಾಳಿಯಲ್ಲಿ ಹೈಸ್ಕೂಲು, ಆಮೇಲೆ ಎಪ್ಪತ್ತರ ದಶಕದ ಕೊನೆಗೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ಆಗ ನಾನೊಬ್ಬಳೇ. ಕೆಲಸ ಸಿಕ್ಕಿದ್ದು ಜಗಳೂರಿನಲ್ಲಿ, ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ. ಶೇಂಗಾ ತುಂಬಿಡುವ ಗೋದಾಮಿನಂಥ ಕಟ್ಟಡ ಅದು. ಈಗ ಆ ಕಾಲೇಜಿಲ್ಲ. ಹೊರಡುವ ದಿನ ಅಪ್ಪ ಹೇಳಿದ್ದು ಇಷ್ಟೇ: "ಅನ್ನ ತಿಂದೋಳು ಜೋಳದ ರೊಟ್ಟಿ ಕಡಿಯಾಕೆ ಹೊಂಟೀಯ. ಹಲ್ಲು ಜ್ವಾಪಾನ ಮಗಳೇ."

ಹಲ್ಲಿಗಿಂತ ಮೊದಲು ತೊಂದರೆಯಾದದ್ದು ಮನೆಗೆ. ಪೇಟೆಯಲ್ಲಿ ಖಾಲಿಯಿದ್ದ ಮನೆಗಳ ಮಾಲೀಕರು ನಗುನಗುತ್ತಲೇ ಮಾತಾಡಿಸುತ್ತಿದ್ದರು. ಊರು ಯಾವುದು, ಊರಲ್ಲಿ ಯಾವ ಕೇರಿ ಎಂದು ಕೇಳಿ ತಿಳಿದ ಮೇಲೆ ಅವರೆಲ್ಲರಿಗೂ ಅದೇ ವಾರ ನೆಂಟರು ಬರುವವರಿರುತ್ತಿದ್ದರು. ಕೊನೆಗೆ ಪೇಟೆಯಿಂದ ಒಂದು ಮೈಲಿಯಾಚೆಯ ಹಳ್ಳಿಯಲ್ಲಿ, ನಮ್ಮವರದೇ ಕೇರಿಯಲ್ಲಿ, ಒಂದು ಕೋಣೆ ಹಿಡಿದೆ. ನಾನು ಕೈಗೆ ಹೊಡೆದ ಹೆಂಗಸು ಅಲ್ಲಿಯ ಪಕ್ಕದ ಮನೆಯವಳು, ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಎತ್ತರದ, ಒಣಕಲು ಮೈಯ, ಜೋರು ಬಾಯಿಯ ಹೆಂಗಸು. ಮೊದಲ ದಿನವೇ ನನ್ನ ಸೀಮೆಎಣ್ಣೆ ಸ್ಟೌ ನೋಡಿ, "ಇದರಾಗೆ ರೊಟ್ಟಿ ಬೇಯಲ್ಲ, ಬೇಜಾರಾಗ್ತೈತೆ. ನಮ್ಮನೆಗೇ ಬಾ" ಎಂದು ಅಪ್ಪಣೆ ಕೊಟ್ಟಿದ್ದಳು.

ಅವಳಿಗೊಂದು ಹೊಲವಿತ್ತು. ಹಿಂದೆ ಅದು ಊರ ದನ ಮೇಯುತ್ತಿದ್ದ ಗೋಮಾಳ. ಎಪ್ಪತ್ತರ ದಶಕದಲ್ಲಿ ಅವಳೂ ಗಂಡನೂ ತಾಲ್ಲೂಕು ಕಚೇರಿಗೆ ಅಲೆದು ಅಲೆದು ಆ ತುಂಡನ್ನು ಮಂಜೂರು ಮಾಡಿಸಿಕೊಂಡಿದ್ದರು. ಕಲ್ಲು ಆಯ್ದು, ಬದು ಕಟ್ಟಿ, ಹೊಸ ಹೈಬ್ರಿಡ್ ಜೋಳ ಹಾಕಿದ್ದರು. ಸುತ್ತಲೂ ಜಾಲಿ ಮುಳ್ಳಿನ ಬೇಲಿ. ಊರಿನ ಕಣ್ಣಿಗೆ ಮುಳ್ಳು ಚುಚ್ಚಿದ್ದು ಅಲ್ಲೇ.

ಆ ಕಡೆ ಒಂದು ಹಳೆಯ ರೂಢಿ. ಬೆಳೆ ಕೊಯ್ದ ಮೇಲೆ ಹೊಲಕ್ಕೆ ಯಜಮಾನನಿಲ್ಲ. ಮುಂದಿನ ಬಿತ್ತನೆಯವರೆಗೂ ಯಾರ ಕುರಿ ಬೇಕಾದರೂ ಯಾರ ಹೊಲದಲ್ಲಿ ಬೇಕಾದರೂ ಮೇಯಬಹುದು. ಕುರಿ ಉಂಡದ್ದಕ್ಕೆ ಹಿಕ್ಕೆ ಹಾಕಿ ಋಣ ತೀರಿಸುತ್ತದೆ. "ಕೊಯ್ದ ಹೊಲಕ್ಕೆ ಬಾಗಿಲಿಲ್ಲ" ಅನ್ನುತ್ತಿದ್ದರು. ಅಕ್ಕ ಕೊಯ್ದ ಮೇಲೂ ಬೇಲಿ ತೆಗೆಯಲಿಲ್ಲ. ಕತ್ತರಿಸಿದ ಜೋಳದ ಬುಡದಿಂದ ಮತ್ತೆ ಚಿಗುರುತ್ತದಲ್ಲ, ಅದಕ್ಕೆ ಕೂಳೆ ಅನ್ನುತ್ತಾರೆ. ಆ ಕೂಳೆಯನ್ನು ಬೆಳೆಯಲು ಬಿಟ್ಟು ತನ್ನ ಎತ್ತುಗಳಿಗೆ ಮೇವು ಮಾಡಿಕೊಳ್ಳುವುದು ಅವಳ ಲೆಕ್ಕಾಚಾರ. ಅದನ್ನು ಮೊದಲು ವಿರೋಧಿಸಿದವನು ಊರಿನ ದೊಡ್ಡ ಮಂದೆಯ ಯಜಮಾನ. ಎಲ್ಲರೂ ಅವನನ್ನು ಕುರಿಯಣ್ಣ ಎಂದೇ ಕರೆಯುತ್ತಿದ್ದರು. ನಾನು ಹೋಗಿ ಸೇರಿದ ವರ್ಷ ಬೇಲಿಯ ಮುಂದೆ ನಡೆದ ಜಗಳಕ್ಕೆ ಅರ್ಧ ಊರು ಸೇರಿತ್ತು.

"ಕೊಯ್ದ ಹೊಲಕ್ಕೆ ಬಾಗಿಲಿಲ್ಲ ಕಣಮ್ಮ. ನಮ್ಮಜ್ಜನ ಕಾಲದಿಂದ ಹಿಂಗೇ ಬಂದೈತೆ" ಎಂದ ಕುರಿಯಣ್ಣ.

"ಹೊಲಕ್ಕೆ ಇಲ್ಲ ಅಂದ್ರೆ ನಿನ್ನ ಮನೆಗೆ ಐತಲ್ಲ, ಅದನ್ನ ಕಿತ್ತು ಕೊಡು. ನಾನು ಹಾಕ್ಕೊಂತೀನಿ" ಎಂದಳು ಅಕ್ಕ. ಜನ ನಕ್ಕರು. ನಗು ಕುರಿಯಣ್ಣನಿಗೆ ತಾಗಿತು. ಅವಳು ಅಲ್ಲಿಗೆ ನಿಲ್ಲಿಸಬೇಕಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ. ಅವಳೇಕೆ ನಿಲ್ಲಿಸಬೇಕಿತ್ತು? ನಿಲ್ಲಿಸಲಿಲ್ಲ. "ನನ್ನ ಕೂಳೆಗೆ ಬಾಯಿ ಹಾಕಿದ್ರೆ ನಿನ್ನ ಕುರಿ ಮನೆ ಮುಟ್ಟಲ್ಲ, ನೋಡು" ಅಂದಳು. ಹೆಂಗಸರು ನೀರಿನ ಜಗಳದಲ್ಲಿ ದಿನಕ್ಕೆರಡು ಸಲ ಆಡುವಂಥ ಮಾತು ಅದು. ಆದರೆ ಊರು ಅದನ್ನು ಎತ್ತಿಟ್ಟುಕೊಂಡಿತು.

ಮರುವರ್ಷ ದೀಪಾವಳಿಯ ಆಸುಪಾಸಿನಲ್ಲಿ ಒಂದೇ ಒಂದು ಮಳೆ ಬಂತು. ಕೊಯ್ದ ಹೊಲಗಳಲ್ಲೆಲ್ಲ ಕೂಳೆ ಚಿಗುರಿತು. ಆಮೇಲೆ ಒಣ ಗಾಳಿ, ಬರೀ ಗಾಳಿ. ಬೇರೆಯವರ ಹೊಲಗಳಲ್ಲಿ ಕುರಿಗಳು ಚಿಗುರನ್ನು ಬಂದ ಹಾಗೇ ಕಡಿದು ತಿಂದಿದ್ದರಿಂದ ಬದುವಿನ ಮೂಲೆಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಮಾತ್ರ ಉಳಿದಿತ್ತು. ಅಕ್ಕನ ಬೇಲಿಯೊಳಗೆ ಮಾತ್ರ ದಟ್ಟ ಹಸಿರು. ಮೊಣಕಾಲೆತ್ತರವೂ ಬಾರದೆ, ಅಂಚು ಸುರುಳಿ ಸುತ್ತಿಕೊಂಡು, ಬಾಯಾರಿ ನಿಂತ ಹಸಿರು.

ಎಳೆ ಜೋಳದಲ್ಲಿ ನಂಜಿರುತ್ತದೆ ಎಂದು ಆ ಸೀಮೆಯವರಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಆದರೆ ಅರ್ಧ. "ದನಕ್ಕೆ ನಂಜು, ಕುರಿಗೆ ಮೇವು" ಎಂಬುದು ಅವರ ಮಾತು. ಅದರಲ್ಲಿ ಸುಳ್ಳೂ ಇರಲಿಲ್ಲ. ಕುರಿ ಆ ನಂಜನ್ನು ದನಕ್ಕಿಂತ ಹೆಚ್ಚು ತಾಳುತ್ತದೆ. ಅಲ್ಲೊಂದು ಇಲ್ಲೊಂದು ಚಿಗುರು ಕಡಿದು ಮುಂದೆ ನಡೆಯುವ ಕುರಿಗೆ ಏನೂ ಆಗುವುದಿಲ್ಲ. ತಲೆಮಾರುಗಳಿಂದ ಏನೂ ಆಗದೆ ಇದ್ದುದನ್ನು ಅವರು ಎಂದಿಗೂ ಏನೂ ಆಗುವುದಿಲ್ಲ ಎಂದು ತಿಳಿದಿದ್ದರು. ಅಕ್ಕನೂ ಹಾಗೆಯೇ ತಿಳಿದಿದ್ದಳು. ಎತ್ತುಗಳನ್ನು ಮಾತ್ರ ಆ ಕಡೆಗೆ ಬಿಡುತ್ತಿರಲಿಲ್ಲ. "ತೆನೆ ಇಣುಕಲಿ, ಆಮೇಲೆ" ಎನ್ನುತ್ತಿದ್ದಳು.

ಆ ದಿನ ಶನಿವಾರ. ಅಕ್ಕನ ಗಂಡ ಭತ್ತದ ಕೊಯ್ಲಿಗೆಂದು ಹೊನ್ನಾಳಿ ಕಡೆ ಹೋಗಿದ್ದ. ನಾನು ಅರ್ಧ ದಿನದ ಪಾಠ ಮುಗಿಸಿ ನಡೆದು ಬರುತ್ತಿದ್ದೆ. ಅವಳ ಬೇಲಿಯನ್ನು ಒಂದು ಕಡೆ ಎಳೆದು ಬಿಸಾಡಿದ್ದರು. ಒಳಗೆ ಕುರಿಗಳು ಬಿದ್ದಿದ್ದವು. ಬೆಳಿಗ್ಗೆಯಿಂದ ಬೋಳು ಗುಡ್ಡದಲ್ಲಿ ತಿರುಗಿ ಹಸಿದ ಮಂದೆಯನ್ನು ಕುರಿಯಣ್ಣನ ಭಾವಮೈದುನ ಬೇಕೆಂದೇ ಬೇಲಿ ಕಿತ್ತು ಒಳಗೆ ನುಗ್ಗಿಸಿದ್ದ. ಹಸಿದ ಬಾಯಿಗೆ ದಟ್ಟ ಚಿಗುರು. ಗಬಗಬ ತಿಂದವು, ಅಲ್ಲೇ ಬಿದ್ದವು. ಕೆಲವು ಆಗಲೇ ಸತ್ತಿದ್ದವು. ಕೆಲವು ಬಾಯಿ ತೆರೆದು ಗಾಳಿಯನ್ನು ಕಚ್ಚುವಂತೆ ಉಸಿರೆಳೆಯುತ್ತ ಕಾಲು ಬಡಿಯುತ್ತಿದ್ದವು. ಕುರಿಯಣ್ಣ ಒಂದು ತಾಯಿಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರ ಕಿವಿಯನ್ನು ಉಜ್ಜುತ್ತಿದ್ದ, ಚಳಿಯಾದವರ ಕೈ ಉಜ್ಜುವ ಹಾಗೆ.

ಸಾಯುವ ಮುಂಚೆ ಕೊಯ್ದರೆ ಮಾಂಸವಾದರೂ ದಕ್ಕೀತು ಎಂದು ಯಾರೋ ಒಂದರ ಕೊರಳಿಗೆ ಕುಡುಗೋಲು ಹಾಕಿದ್ದರು. ಅದರ ರಕ್ತ ನೋಡಿದಾಗಲೇ ನನಗೆ ಗೊತ್ತಾಯಿತು. ಕುಂಕುಮ ಕಲಸಿದಂಥ ಹೊಳೆಯುವ ಕೆಂಪು. ಎಳೆ ಜೋಳದ ನಂಜೆಂದರೆ ಸಯನೈಡು. ಅದು ಸೇರಿದ ರಕ್ತದಲ್ಲಿ ಪ್ರಾಣವಾಯು ತುಂಬಿಯೇ ಇರುತ್ತದೆ, ಆದರೆ ಮೈ ಅದನ್ನು ಬಳಸಿಕೊಳ್ಳಲಾರದು. ಪುಸ್ತಕದಲ್ಲಿ ಓದಿದ್ದು ಕಾಲ ಬಳಿ ಹರಿಯುತ್ತಿತ್ತು.

"ಆ ಮಾಂಸ ಯಾರೂ ತಿನ್ನಬ್ಯಾಡ್ರಿ!" ಎಂದು ಕೂಗಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಅಕ್ಕನನ್ನು ಸುತ್ತುಗಟ್ಟಿ ನಿಂತಿದ್ದರು.

"ಎಣ್ಣೆ ಹೊಡೆದಾಳೆ" ಎನ್ನುತ್ತಿದ್ದ ಭಾವಮೈದುನ. ಬೆಳೆಗೆ ಸಿಂಪಡಿಸುವ ಕೀಟನಾಶಕಕ್ಕೆ ಅಲ್ಲಿ ಎಣ್ಣೆ ಎನ್ನುತ್ತಾರೆ. "ಹೋದ ವರ್ಷನೇ ಹೇಳಿದ್ಲು, ಮನೆ ಮುಟ್ಟಲ್ಲ ಅಂತ. ನೀವೆಲ್ಲ ಕೇಳೀರಿ. ಇಂಥೋರಿಗೆ ಹೊಲ ಕೊಟ್ರೆ ಇದೇ ಆಗೋದು. ಇವತ್ತು ಈ ಬೇಲಿ ಹೋಗಬೇಕು, ಇವಳೂ ಹೋಗಬೇಕು."

"ಎಣ್ಣೆ ಮುಟ್ಟಿಲ್ಲ ನಾನು. ಯಾವ ದೇವರ ಮುಂದೆ ಬೇಕಾದ್ರೂ ಹೇಳ್ತೀನಿ."

"ದೇವರು ಯಾಕೆ? ಎಣ್ಣೆ ಇಲ್ಲ ಅಂದ್ರೆ ನೀನೇ ತಿನ್ನು. ತಿನ್ನು, ನೋಡಾಣ!"

ಅವನು ಬಗ್ಗಿ ಒಂದು ಹಿಡಿ ಕೂಳೆ ಕಿತ್ತು ಅವಳ ಮುಖದ ಮುಂದೆ ಹಿಡಿದ. ಅಕ್ಕ ಒಂದು ಕ್ಷಣವೂ ಹಿಂಜರಿಯಲಿಲ್ಲ. ಅವಳಿಗೇಕೆ ಹೆದರಿಕೆ? ತಾನು ಎಣ್ಣೆ ಹೊಡೆದಿಲ್ಲ ಎಂಬುದು ಅವಳಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. "ಕೊಡೋ ಇಲ್ಲಿ" ಅಂದಳು. ಕಿತ್ತುಕೊಂಡಳು. "ನಾನು ತಿಂದು ನಿಂತ್ಕೊಂತೀನಿ. ಆಮೇಲೆ ನನ್ನ ಬೇಲಿ ನೀನೇ ಕಟ್ಟಿಕೊಡಬೇಕು." ತಲೆಯೆತ್ತಿ, ಅವನ ಕಣ್ಣನ್ನೇ ನೋಡುತ್ತ, ಬಾಯಿ ತೆರೆದಳು.

ಅವಳ ಮಾತು ಸತ್ಯವಾಗಿತ್ತು. ಎಲೆಯಲ್ಲಿ ವಿಷವೂ ಇತ್ತು. ಎರಡೂ ಒಟ್ಟಿಗೆ ಇದ್ದವು. ಅಲ್ಲಿದ್ದವರಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ.

ಹೊಡೆದೆ.

ಒಂದು ಹಿಡಿ ಎಲೆ ಅಗಿದಿದ್ದರೆ ಅವಳು ಸಾಯುತ್ತಿದ್ದಳೇ, ಬರೀ ವಾಂತಿ ಮಾಡಿಕೊಂಡು ಉಳಿಯುತ್ತಿದ್ದಳೇ ಎಂದು ಆಮೇಲೆ ಎಷ್ಟೋ ಸಲ ಪುಸ್ತಕ ತೆರೆದು ಲೆಕ್ಕ ಹಾಕಿದ್ದೇನೆ. ಒಮ್ಮೊಮ್ಮೆ ಅವಳು ಉಳಿಯುತ್ತಾಳೆ, ಒಮ್ಮೊಮ್ಮೆ ಉಳಿಯುವುದಿಲ್ಲ. ಆ ದಿನ ನಾನು ಬರುವ ದಾರಿಯಲ್ಲಿ ಚಪ್ಪಲಿಯ ಮುಳ್ಳು ತೆಗೆಯಲು ನಿಂತಿದ್ದೆ. ಇನ್ನೊಂದು ಮುಳ್ಳು ಇದ್ದಿದ್ದರೆ? ಇದನ್ನು ಬರೆಯುತ್ತಿರುವಾಗಲೂ ಆ ಇನ್ನೊಂದು ಮುಳ್ಳನ್ನು ಹುಡುಕುತ್ತೇನೆ.

ಎಲೆ ನೆಲಕ್ಕೆ ಬಿದ್ದ ಕೂಡಲೇ ಭಾವಮೈದುನ ಚೀರಿದ. "ನೋಡಿದ್ರಾ? ಮೇಡಂಗೂ ಗೊತ್ತೈತೆ! ಇಷ ಹಾಕಿರೋದು ಗೊತ್ತಿಲ್ಲದಿದ್ರೆ ಯಾಕೆ ಹೊಡೀತಿದ್ಲು? ಇವರೂ ಅವರೇ, ಅವರೂ ಇವರೇ!"

ಸುತ್ತು ಚಿಕ್ಕದಾಯಿತು. ಅವನ ಕೈಯಲ್ಲಿ ಕುರಿ ಕೊಯ್ದ ಕುಡುಗೋಲು ಇತ್ತು, ಅದರ ತುದಿಯಲ್ಲಿ ಆ ಹೊಳೆಯುವ ಕೆಂಪು. ಅಕ್ಕ ನನ್ನನ್ನು ನೋಡುತ್ತಿದ್ದಳು. ಅವರೆಲ್ಲರ ಕಣ್ಣಿಗಿಂತ ಅವಳ ಕಣ್ಣೇ ನನ್ನನ್ನು ಹೆಚ್ಚು ಹೆದರಿಸಿತು. ನೀನೂನಾ ಎಂದು ಕೇಳುತ್ತಿತ್ತು ಅದು.

ಎಲ್ಲರಿಗೂ ಕೇಳುವಂತೆ ದನಿಯೆತ್ತಿದೆ. "ಹೌದು, ಇಷ ಐತೆ. ಯಾರೂ ಹಾಕಿಲ್ಲ. ಗಿಡನೇ ಮಾಡ್ಕೊಂಡೈತೆ. ಅವಳ ಹೊಲದಾಗೆ ಐತೆ, ನಿಮ್ಮ ಹೊಲದಾಗೂ ಐತೆ. ಸುಳ್ಳು ಅನ್ನೋರು ನಿಮ್ಮ ನಿಮ್ಮ ಹೊಲದ ಕೂಳೆ ಕಿತ್ಕೊಂಡು ಈಗಲೇ ಕಾಲೇಜಿಗೆ ಬರ್ರಿ. ಕಣ್ಣಿಗೆ ತೋರಿಸ್ತೀನಿ. ತೋರಿಸಾಕಾಗದಿದ್ರೆ ಬೇಲಿ ನಾನೇ ಕಿತ್ತು ಕೊಡ್ತೀನಿ."

ಆ ಕೊನೆಯ ಮಾತು ಆಡುವ ಹಕ್ಕು ನನಗಿರಲಿಲ್ಲ. ಬೇಲಿ ಅವಳದು. ಅವಳೇ ಒಂದು ಹೆಜ್ಜೆ ಮುಂದೆ ಬಂದು ಅಂದಳು: "ಅವಳಲ್ಲ, ನಾನೇ ಕೀಳ್ತೀನಿ. ನಡೀರಿ."

ಗುಂಪನ್ನು ತಡೆದದ್ದು ನಮ್ಮ ಮಾತಲ್ಲ. ಕುರಿಯಣ್ಣ. ಅವನು ಸತ್ತ ಕುರಿಯ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು, ತನ್ನ ಹೊಲದ ಕಡೆ ನಡೆದು, ಬದುವಿನಿಂದ ನಾಲ್ಕು ಚಿಗುರು ಕಿತ್ತು ಪಂಚೆಯ ಅಂಚಿಗೆ ಕಟ್ಟಿಕೊಂಡ. "ನನ್ನ ಕುರಿ ಹೆಂಗೆ ಸತ್ವು ಅಂತ ನನಗೆ ಗೊತ್ತಾಗಬೇಕು" ಅಂದ. ಯಜಮಾನನೇ ಹೊರಟ ಮೇಲೆ ಉಳಿದವರೂ ತಂತಮ್ಮ ಹೊಲದ ಕೂಳೆ ಕಿತ್ತುಕೊಂಡು ಹೊರಟರು. ದನದ ಡಾಕ್ಟರು ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲವೇನೋ. ಅವರು ರಜೆಯ ಮೇಲಿದ್ದರು.

ಕಾಲೇಜಿನ ಪ್ರಯೋಗಶಾಲೆಯ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಬಾಗಿಲಲ್ಲಿ ನಿಂತು, "ಕುಡುಗೋಲು ಹೊರಗಿಟ್ಟು ಬರ್ರಿ. ಒಳಗೆ ಗಾಜಿನ ಸಾಮಾನು ಐತೆ" ಅಂದೆ. ಭಾವಮೈದುನ ನನ್ನನ್ನು ದುರುಗುಟ್ಟಿ ನೋಡಿದ. ಅವನ ಹಿಂದಿದ್ದವನೊಬ್ಬ ಅಂದ: "ಇಡೋ ಮಾರಾಯ, ಒಡೆದ್ರೆ ನಿನ್ನ ತಲೆಗೆ ಕಟ್ಟಿಸ್ತಾರೆ." ಇಟ್ಟ.

ಪರೀಕ್ಷೆ ಸುಲಭದ್ದು. ಸಸ್ಯದ ತುಂಡುಗಳನ್ನು ಕೆಡದಂತೆ ಇಡಲು ನಮ್ಮಲ್ಲಿ ಪಿಕ್ರಿಕ್ ಆಮ್ಲ ಇತ್ತು. ಅದಕ್ಕೆ ಸೋಡಾ ಸೇರಿಸಿ ಸೋಸುಕಾಗದದ ಪಟ್ಟಿಯನ್ನು ಅದ್ದಿದರೆ ಪಟ್ಟಿ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಗಾಜಿನ ನಳಿಗೆಯಲ್ಲಿ ಎಲೆ ಜಜ್ಜಿ ಹಾಕಿ, ಮೇಲೆ ಆ ಪಟ್ಟಿ ತೂಗಿಬಿಟ್ಟು, ಬಾಯಿಗೆ ಬೆಂಡಿನ ಬಿರಡೆ ಒತ್ತಬೇಕು. ಎಲೆಯಿಂದ ಸಯನೈಡು ಹೊಮ್ಮಿದರೆ ಅರಿಶಿನ ನಿಧಾನವಾಗಿ ಇಟ್ಟಿಗೆಯ ಕೆಂಪಾಗುತ್ತದೆ. ಅದಕ್ಕೆ ಬಿಸುಪು ಬೇಕು. ನಮ್ಮಲ್ಲಿ ಬಿಸಿ ಪೆಟ್ಟಿಗೆ ಇರಲಿಲ್ಲ. ಹಾಗಾಗಿ ಯಾರ ಹೊಲದ ನಳಿಗೆಯನ್ನು ಅವರವರ ಕೈಗೇ ಕೊಟ್ಟು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ ಎಂದೆ.

ಭಾವಮೈದುನ ದಡ್ಡನಾಗಿರಲಿಲ್ಲ. ದಾರಿಯಲ್ಲಿ ಎಣ್ಣೆ ಹೊಡೆದು ಇನ್ನೂ ನಾತ ಹೊಡೆಯುತ್ತಿದ್ದ ಹತ್ತಿ ಗಿಡದ ಎಲೆಯೊಂದನ್ನು ಕಿತ್ತು ತಂದಿದ್ದ. "ಇದನ್ನೂ ಹಾಕ್ರಿ. ಎಣ್ಣೆಗೂ ಕೆಂಪಾದ್ರೆ ಆಮೇಲೆ ಮಾತಾಡಾಣ" ಅಂದ. ಒಳ್ಳೆಯದೇ ಆಯಿತು, ಹಾಕಿದೆ. ಒಬ್ಬರ ಬಾವಿಯ ಕಾಲುವೆ ಪಕ್ಕದಲ್ಲಿ ನೀರುಂಡು ಸೊಂಟದೆತ್ತರ ಬೆಳೆದಿದ್ದ ಕೂಳೆಯ ಎಲೆಯನ್ನೂ ಬೇರೆ ಹಾಕಿದೆ.

ಮುಷ್ಟಿ ಕಟ್ಟಿದ ಹತ್ತಾರು ಗಂಡಸರು ಬೆಂಚುಗಳ ಮೇಲೆ ಕೂತರು.

"ಜ್ವರದ ಕಡ್ಡಿ ಹಿಡ್ಕೊಂಡಂಗೈತೆ ಕಣ್ರೋ."

"ನಿನ್ನ ಹೊಲಕ್ಕೆ ಎಷ್ಟು ಜ್ವರ ಐತೆ ನೋಡ್ಕೋ ಮೊದ್ಲು."

"ಮೇಡಮ್ಮೋರೆ, ಬೆವರು ಬಂದೈತೆ, ಪರವಾಗಿಲ್ವೇನ್ರೀ?"

ಅಕ್ಕ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಒಡೆದ ಬಳೆಯ ಕೈಯಲ್ಲಿ ತನ್ನ ಹೊಲದ ನಳಿಗೆ. ಕೂತುಕೋ ಅಂದರೆ ಕೂರಲಿಲ್ಲ. ಮೊದಲು ಬಣ್ಣ ಬಂದದ್ದು ಅವಳ ನಳಿಗೆಯಲ್ಲಿ. ಅವಳೇ ಎತ್ತಿ ಹಿಡಿದು ತೋರಿಸಿದಳು. "ನಂದು ಕೆಂಪಾಗೈತೆ. ನಿಮ್ಮವು ತೆಗೀರಿ."

ಒಂದೊಂದೇ ಮುಷ್ಟಿ ಬಿಚ್ಚಿತು. ಕುರಿಯಣ್ಣನ ಪಟ್ಟಿ ಕೆಂಪು. ಅವನ ಪಕ್ಕದವನದು ಕೆಂಪು. ಬಾವಿಯ ಪಕ್ಕದ ಎಲೆ ಹಾಕಿದ್ದು ಬರೀ ನಸು ಕಿತ್ತಳೆ. ಎಣ್ಣೆ ಹೊಡೆದ ಹತ್ತಿ ಎಲೆಯದು ಅರಿಶಿನ ಅರಿಶಿನವಾಗಿಯೇ ಇತ್ತು. ಭಾವಮೈದುನ ಮಾತ್ರ ಮುಷ್ಟಿ ಬಿಚ್ಚಲಿಲ್ಲ.

"ತೋರ್ಸೋ."

"ಇನ್ನೂ ಆಗಿಲ್ಲ."

"ಆಗಿಲ್ಲ ಅಂದ್ರೂ ತೋರ್ಸೋ."

ಕುರಿಯಣ್ಣನೇ ಅವನ ಬೆರಳು ಬಿಡಿಸಿದ. ಅಕ್ಕನ ಪಟ್ಟಿಯಷ್ಟೇ ಕೆಂಪಿತ್ತು. ಕುರಿಯಣ್ಣ ಬಹಳ ಹೊತ್ತು ಅದನ್ನೇ ನೋಡಿ ಕೇಳಿದ: "ನಿನ್ನ ಹೊಲಕ್ಕೂ ಅವಳೇ ಬಂದು ಎಣ್ಣೆ ಹೊಡೆದಾಳೇನೋ?"

ಯಾರೋ ನಕ್ಕರು. ಅವನು ಎದ್ದು ಹೊರಗೆ ಹೋದ. ಕುಡುಗೋಲು ಎತ್ತಿಕೊಂಡ ಸದ್ದು ಕೇಳಿಸಿತು. ಹೆಜ್ಜೆಗಳು ದೂರವಾದವು.

ಕುರಿಯಣ್ಣ ಏಳಲಿಲ್ಲ. "ನಾನು ಒಂದು ಕೇಳ್ತೀನಿ, ಬೇಜಾರಾಗಬ್ಯಾಡ್ರಿ" ಅಂದ. "ಬಾವಿ ಪಕ್ಕದ್ದು ನೀರು ಕುಡಿದೈತೆ, ಅದಕ್ಕೆ ನಂಜು ಕಮ್ಮಿ. ನಮ್ಮವು ಬಾಯಾರಿದ್ವು, ನಂಜು ಜಾಸ್ತಿ. ಆತು, ಒಪ್ಪಿದೆ. ಬಾಯಾರೈತೆ ಅಂತ ಗಿಡದೊಳಗೆ ಯಾರು ಯಾರಿಗೆ ಹೇಳ್ತಾರೆ? ನನ್ನ ಕುರಿಗೆ ಬಾಯಾರಿದ್ರೆ ಅರಚ್ತೈತೆ, ನನಗೆ ತಿಳೀತೈತೆ. ಗಿಡದಾಗೆ ಅರಚೋರು ಯಾರು, ಕೇಳೋರು ಯಾರು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ನನಗೆ ಪಾಠ ಹೇಳಿದವರಿಗೂ ಆಗ ಗೊತ್ತಿರಲಿಲ್ಲ.

"ಗೊತ್ತಾದ್ರೆ ಹೇಳ್ರಿ" ಎಂದು ಎದ್ದು ಹೋದ.

ಸೋಮವಾರ ಆಡಳಿತ ಮಂಡಳಿಯವರು ಕರೆಸಿದರು. ಹಳ್ಳಿಯ ಜಗಳವನ್ನು ಪ್ರಯೋಗಶಾಲೆಗೆ ತಂದದ್ದು ತಪ್ಪಾಯಿತು ಎಂದು ನಾಲ್ಕು ಸಾಲು ಬರೆದುಕೊಡಿ ಅಂದರು. ತಪ್ಪಾಗಿಲ್ಲ ಅಂದೆ. ಊರಿನವರ ಜೊತೆ ಹೊಂದಿಕೊಂಡು ಹೋಗಬೇಕಮ್ಮ ಅಂದರು. ಊರಿನವರು ಬೆಂಚಿನ ಮೇಲೆ ಕೂತು ಪರೀಕ್ಷೆ ಮಾಡಿ ಹೋದರಲ್ಲ, ಇನ್ನೇನು ಹೊಂದಿಕೊಳ್ಳಬೇಕು ಅಂದೆ. ಆ ವರ್ಷದ ಕೊನೆಗೆ ನಿಮ್ಮ ಕೆಲಸ ಬೇಡ ಅಂದರು. ಪೆಟ್ಟಿಗೆ ಕಟ್ಟಿದೆ, ಬರೆದುಕೊಡಲಿಲ್ಲ. ಅಕ್ಕ ಆ ಶನಿವಾರದ ಮರುದಿನವೇ ಕವೆಗೋಲು ಹಿಡಿದು ಮುಳ್ಳೆಳೆದು ಬೇಲಿ ಮುಚ್ಚಿದ್ದಳು. ಹೊಡೆದದ್ದಕ್ಕೆ ನನ್ನನ್ನು ಏನೂ ಕೇಳಲಿಲ್ಲ. ಬಸ್ಸು ಹತ್ತಿಸುವಾಗ ಮಾತ್ರ, "ಒಂದು ಜೊತೆ ಬಳೆ ಬಾಕಿ ಐತೆ, ಮರೀಬ್ಯಾಡ" ಅಂದಳು.

ಆಮೇಲೆ ಚನ್ನಗಿರಿಯಲ್ಲಿ ಕೆಲಸ ಸಿಕ್ಕಿತು. ಅಡಿಕೆ ಮಂಡಿಯ ಪೇಟೆ, ದಾವಣಗೆರೆಗೂ ಶಿವಮೊಗ್ಗಕ್ಕೂ ಬಸ್ಸು, ಸುಖವಾಗಿಯೇ ಇದ್ದೆ. ಆದರೂ ಸಂತೆಯಲ್ಲಿ ಕುಡುಗೋಲು ಹರವಿಟ್ಟ ಅಂಗಡಿ ಬಂದರೆ ದಾರಿ ಬದಲಿಸುತ್ತಿದ್ದೆ. ನಾಲ್ಕು ಜನ ಗಂಡಸರು ಒಟ್ಟಿಗೆ ದನಿಯೇರಿಸಿದರೆ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮನಸ್ಸಿನಲ್ಲಿ ಮತ್ತೆ ಮತ್ತೆ ಅದೇ ಹೊಲ. ಒಮ್ಮೆ ನಾನು ತಡವಾಗಿ ತಲುಪುತ್ತೇನೆ. ಒಮ್ಮೆ ಪಟ್ಟಿಗಳು ಕೆಂಪಾಗುವುದೇ ಇಲ್ಲ, ಮುಷ್ಟಿ ಮುಷ್ಟಿಯಲ್ಲೂ ಅರಿಶಿನ, ಎಲ್ಲರೂ ನನ್ನ ಕಡೆ ತಿರುಗುತ್ತಾರೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಧ್ಯಾಪಕರಿಗೆಂದು ನಡೆದ ಬೇಸಿಗೆ ಶಿಬಿರವೊಂದಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿದು ಅರ್ಧ ಜನ ತೂಕಡಿಸುತ್ತಿದ್ದ ಹೊತ್ತು. ಪಾಠ ಹೇಳುತ್ತಿದ್ದವರು ಹಲಗೆಯ ಮೇಲೆ ತಿರುಚಿದ ಏಣಿಯಂಥ ಡಿಎನ್‌ಎ ಬರೆದರು. ಎ, ಸಿ, ಜಿ, ಟಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಗಿಡದ ಕಸುಬುಗಳೆಲ್ಲ ಅದರಲ್ಲಿ ಬರೆದಿವೆ, ಒಂದೊಂದು ಕಸುಬಿಗೆ ಒಂದೊಂದು ಜೀನು. ಇಷ್ಟು ಗೊತ್ತಿದ್ದದ್ದೇ. ಆಮೇಲೆ ಅವರು ಜೀನಿನ ಮುಂದಿನ ಖಾಲಿ ಜಾಗಕ್ಕೆ ಬಳಪ ಕುಟ್ಟಿದರು. ಇಲ್ಲಿ ಒಂದು ಸಣ್ಣ ಗುರುತಿದೆ, ಕೆಲವೇ ಅಕ್ಷರಗಳದು, ಅಂದರು. ಗಿಡಕ್ಕೆ ನೀರು ಕಡಿಮೆಯಾದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ. ಅದರ ಸುದ್ದಿ ಕೋಶದ ಒಳಗೆ ತಲುಪಿದಾಗ ಒಂದು ಬಗೆಯ ಪ್ರೋಟೀನು ಜೋಡಿಜೋಡಿಯಾಗಿ ಬಂದು ಆ ಗುರುತನ್ನು ಹುಡುಕಿ ಹಿಡಿದು ಕೂರುತ್ತದೆ. ಅದು ಕೂತ ಮೇಲೆಯೇ ಆ ಜೀನು ಎಚ್ಚರವಾಗುವುದು, ಅದರ ನಕಲು ಹೊರಡುವುದು, ಕೆಲಸ ಶುರುವಾಗುವುದು. ಗೋಧಿಯಲ್ಲಿ, ಭತ್ತದಲ್ಲಿ ಇಂಥದ್ದು ಕಾಣಿಸುತ್ತಿದೆ. ಆ ಗುರುತಿನ ನಟ್ಟನಡುವೆ ಎ, ಸಿ, ಜಿ, ಟಿ, ನಾಲ್ಕೂ ಅಕ್ಷರ ಒಂದೊಂದೇ ಸಲ, ಸಾಲಾಗಿ.

ಪ್ರೋಟೀನು ಹೇಗೆ ಹಿಡಿಯುತ್ತದೆ ಎಂದು ಚಿತ್ರ ಬರೆದರು. ಎರಡು ಪ್ರೋಟೀನುಗಳು ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ಮುಂದೆ ಕವಲೊಡೆದಿದ್ದವು. ಆ ಕವಲು ಡಿಎನ್‌ಎಯನ್ನು ಎರಡೂ ಕಡೆಯಿಂದ ಅಪ್ಪಿ, ಏಣಿಯ ಸಂದಿಗೆ ಬೆರಳು ತೂರಿಸಿ, ಅಕ್ಷರಗಳನ್ನು ತಡವಿ ನೋಡಿ ಕೂತಿತ್ತು. ನನಗದು ಅಕ್ಕನ ಕವೆಗೋಲಿನ ಹಾಗೆ ಕಂಡಿತು, ಮುಳ್ಳು ಎತ್ತಿ ಒತ್ತುವ ಕವಲು ಕೋಲು.

ಪಕ್ಕದಲ್ಲಿ ತೂಕಡಿಸುತ್ತಿದ್ದ ಅಧ್ಯಾಪಕಿ ಎಚ್ಚರಾಗಿ, ಯಾಕೆ ಅಳುತ್ತಿದ್ದೀರಿ ಎಂದು ಕೇಳಿದರು. ಕಣ್ಣಿಗೆ ಬಳಪದ ಪುಡಿ ಅಂದೆ.

ಜೋಳದ ನಂಜಿನ ಜೀನಿನ ಮೇಲೆ ಕೂರುವ ಪ್ರೋಟೀನು ಯಾವುದೆಂದು ಎದ್ದು ನಿಂತು ಕೇಳಿದೆ. ಗೊತ್ತಿಲ್ಲ, ಯಾರಾದರೂ ಮುಂದೆ ಹುಡುಕಬೇಕು ಅಂದರು. ನಂಜು ಹೆಚ್ಚು ತಯಾರಾಗುವುದೂ ಇದೆ, ಬೆಳವಣಿಗೆ ನಿಂತ ಗಿಡದಲ್ಲಿ ಇದ್ದ ನಂಜು ಹರಡಿಕೊಳ್ಳಲು ಮೈಯೇ ಸಾಲದೆ ಒತ್ತಾಗುವುದೂ ಇದೆ, ಒಂದೇ ಉತ್ತರಕ್ಕೆ ಜೋತು ಬೀಳಬೇಡಿ ಎಂದೂ ಹೇಳಿದರು. ಆಗಲಿ. ಅರಚುವವರು ಯಾರು, ಕೇಳುವವರು ಯಾರು ಎಂಬಷ್ಟು ನನಗೆ ಸಿಕ್ಕಿತ್ತು.

ಶಿಬಿರ ಮುಗಿದ ಮೇಲೆ ಮಳೆಗಾಲ ಕಳೆಯುವವರೆಗೂ ಕಾದೆ. ಜೋಳ ಕೊಯ್ದು ಕೂಳೆ ಬರುವ ಕಾಲಕ್ಕೆ ಜಗಳೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಜೊತೆ ಹಸಿರು ಗಾಜಿನ ಬಳೆ. ಹಳ್ಳಿ ಹತ್ತಿರವಾದ ಹಾಗೆ, ಇಳಿಯದೆ ಹಾಗೇ ಮುಂದೆ ಹೋಗಿಬಿಡೋಣ ಅನ್ನಿಸಿತು. ಇಳಿದೆ.

ಬೇಲಿ ಅಲ್ಲೇ ಇತ್ತು. ಹೊಸದೆಂದರೆ, ದಾರಿಯ ಕಡೆಗೆ ಬಿದಿರಿನ ಒಂದು ತಡಿಕೆ ಬಾಗಿಲು. ಒಳಗೆ ಕೂಳೆ ಮೊಣಕಾಲುದ್ದ. ಅಕ್ಕ ಮುಳ್ಳು ಸರಿಪಡಿಸುತ್ತಿದ್ದಳು. ಕೂದಲು ನರೆತಿತ್ತು, ಬಾಯಿ ನರೆತಿರಲಿಲ್ಲ. "ಬಳೆ ತಂದ್ಯೋ ಇಲ್ವೋ, ಅದನ್ನ ಹೇಳು ಮೊದ್ಲು" ಅಂದಳು.

ಸಂಜೆ ಕುರಿಯಣ್ಣ ಮಂದೆ ಹೊಡೆದುಕೊಂಡು ಬಂದ. ನನ್ನ ಗುರುತು ಸಿಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೇನೆ ಎಂದಾಗ ಬದುವಿನ ಮೇಲೆ ಕೂತ. ನಾನು ಅಕ್ಕನ ಕವೆಗೋಲು ತೆಗೆದುಕೊಂಡು, ಒಂದು ಹುರಿ ಹಗ್ಗವನ್ನು ಅವರಿಬ್ಬರ ಕೈಗೆ ಕೊಟ್ಟು ಬಿಗಿಯಾಗಿ ಹಿಡಿಸಿ, ಕವಲನ್ನು ಹಗ್ಗದ ಮೇಲೆ ಕೂರಿಸಿ ತೋರಿಸಿದೆ. ಹಗ್ಗದಲ್ಲಿ ಗುರುತಿದೆ, ನೀರಿಲ್ಲ ಎಂಬ ಸುದ್ದಿ ಬಂದಾಗ ಈ ಕವೆ ಬಂದು ಆ ಗುರುತಿನ ಮೇಲೆ ಕೂರುತ್ತದೆ, ಕೂತ ಮೇಲೆ ಕೆಲಸ ಶುರು ಎಂದೆ.

"ಗುರುತು ತಪ್ಪಿ ಬೇರೆ ಕಡೆ ಕೂತ್ರೆ?" ಎಂದ ಕುರಿಯಣ್ಣ.

"ತಡವಿ ನೋಡ್ತೈತೆ. ಗುರುತು ಸಿಗದಿದ್ರೆ ಜಾರ್ತೈತೆ."

"ಮಳೆ ಬಂದ್ರೆ?"

"ಸುದ್ದಿ ನಿಲ್ತೈತೆ. ಕವೆ ಇಳೀತೈತೆ. ಎಲೆ ಬೆಳೀತಾ ಬೆಳೀತಾ ನಂಜು ತೆಳ್ಳಗಾಗ್ತೈತೆ."

ಅವನು ಹಗ್ಗ ಬಿಡದೆ ಯೋಚಿಸಿದ. "ಅಂದ್ರೆ ಓಡಿಹೋಗಾಕೆ ಬರಲ್ಲ ಅಂತ ನಿಂತಲ್ಲೇ ಸಿದ್ಧ ಮಾಡ್ಕೊಂತೈತೆ."

"ಓಡಿಹೋಗೋದು ಯಾಕೆ? ಹೊಲ ಅದರದು" ಎಂದಳು ಅಕ್ಕ, ತನ್ನ ತುದಿಯ ಹಗ್ಗವನ್ನು ಒಮ್ಮೆ ಜಗ್ಗಿ.

ಕುರಿಯಣ್ಣ ನಕ್ಕ. ಎದ್ದು ಮಂದೆಯ ಕಡೆ ಹೋದ. ಕುರಿಗಳು ಆಗಲೇ ಬೇಲಿಯ ಸಂದಿಯಿಂದ ಮೂತಿ ತೂರಿಸುತ್ತಿದ್ದವು. ಅವನು ಬಿದಿರಿನ ಬಾಗಿಲ ಬಳಿ ನಿಂತು, ಕೈ ಹಾಕದೆ, ಕೂಗಿ ಕೇಳಿದ. ಪ್ರತಿ ವರ್ಷವೂ ಹಾಗೇ ಕೇಳುತ್ತಾನಂತೆ, ಆಮೇಲೆ ಅಕ್ಕ ಹೇಳಿದಳು.

"ಅವ್ವಾ, ಬಿಡ್ಲಾ?"

ಅಕ್ಕ ಒಂದು ಎಲೆಯನ್ನು ಬೆರಳಿಗೆ ಸುತ್ತಿ ನೋಡಿದಳು. ಆಕಾಶ ನೋಡಿದಳು. ನನ್ನ ಬಲಗೈ ಅಷ್ಟರಲ್ಲಿ ತಾನಾಗಿ ಎದ್ದಿತ್ತು. ಅವಳು ಅದನ್ನು ಕಂಡು, ಹಸಿರು ಬಳೆಯ ಕೈಯಿಂದ ಮೆಲ್ಲಗೆ ಕೆಳಗಿಳಿಸಿದಳು.

"ಇಲ್ಲ, ಈಗಲ್ಲ" ಎಂದು ಕೂಗಿದಳು.

ಮಂದೆ ಮುಂದೆ ಹೋಯಿತು.